ನಾಲೆ ನೀರು ಬಂದ ಊರು ಮುಂದೆ ಹೋಯಿತಾ, ಬಾರದ ಊರಾ?

ನಾಲೆಬದಿ (ಮಂಡ್ಯ)
ಅಣ್ಣನ ಮಗಳು ಪಿಯುಸಿ ಓದುತ್ತಿದ್ದಾಳೆ. ರಾಜ್ಯದ ಹವಾಮಾನ, ನೈಸರ್ಗಿಕ ಸಂಪತ್ತು ಅದರ ಆರ್ಥಿಕತೆಯನ್ನು ಹೇಗೆ ರೂಪಿಸುತ್ತವೆ ಅಂತ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಅವಳು ಬರೆದಿದ್ದನ್ನು ಓದಿದೆ. ಪೂರ್ತಿ ಗೈಡಿನ ಮಾತು. ಮಳೆ ಚೆನ್ನಾಗಿ ಬಿದ್ದರೆ ಬೆಳೆ, ಬೆಳೆ ಬಂದರೆ ದುಡ್ಡು, ಅದಿರು ಸಿಕ್ಕರೆ ಕಾರ್ಖಾನೆ, ಅಲ್ಲಿಗೆ ಮುಗಿಯಿತು.

ಹಾಗಾದರೆ ನಮ್ಮ ಜಿಲ್ಲೆಯಲ್ಲೇ ಲೆಕ್ಕ ತಾಳೆಯಾಗುವುದಿಲ್ಲವಲ್ಲ! ಮಂಡ್ಯದಲ್ಲಿ ವರ್ಷಕ್ಕೆ ಬೀಳುವ ಮಳೆ 700 ಮಿಲಿಮೀಟರ್ ಆಸುಪಾಸು. ನಾಗಮಂಗಲದಲ್ಲೂ ಹೆಚ್ಚೂಕಡಿಮೆ ಅಷ್ಟೇ. ಬಿಸಿಲೂ ಒಂದೇ. ನಮ್ಮ ಕಡೆ ವಿಶ್ವೇಶ್ವರಯ್ಯ ನಾಲೆ ಹರಿಯುತ್ತದೆ, ಆ ಕಡೆ ಬಹುಪಾಲು ಮಳೆ ನಂಬಿದ ಖುಷ್ಕಿ. ನಮಗೆ ಕಬ್ಬು, ಭತ್ತ, ಆಲೆಮನೆ. ಅವರಿಗೆ ರಾಗಿ, ಹುರುಳಿ, ತೆಂಗು, ಕುರಿ. ಗೈಡಿನ ಪ್ರಕಾರ ನಾವು ಸಾಹುಕಾರರು, ಅವರು ಬಡವರು ಆಗಬೇಕಿತ್ತು.

ನಮ್ಮ ನೆಂಟರಲ್ಲಿ ಉಲ್ಟಾ. ನಾಗಮಂಗಲದ ಕಡೆಯವರಿಗೆ ಬೆಂಗಳೂರಲ್ಲಿ ಹೋಟೆಲು, ಬಾಂಬೆಯಲ್ಲಿ ವ್ಯಾಪಾರ, ಎರಡೆರಡು ಸೈಟು. ನಾಲೆ ಬಯಲಿನ ನಮ್ಮವರಿಗೆ ಮೂರು ಎಕರೆ ಕಬ್ಬು, ಸೊಸೈಟಿ ಸಾಲ, ಕಟಾವಿಗೆ ಆಳು ಯಾವಾಗ ಬರುತ್ತಾರೋ ಅಂತ ಕಾಯೋದು. ಹಾಗಾದರೆ ನೀರು ಇರೋದು ಭಾಗ್ಯವೋ, ಇಲ್ಲದಿರೋದು ಭಾಗ್ಯವೋ? ಹುಡುಗಿಗೆ ಏನು ಬರೆಸಲಿ?

ಮದ್ದೂರುವಡೆ
ಗೈಡಿನದ್ದೇ ಬರೆಸಿ ಸರ್. ಮಾರ್ಕ್ಸ್ ಬರಬೇಕು ತಾನೇ.

ಕೆಆರ್‌ಪೇಟೆ ಹುಡುಗ
ಹೋಟೆಲು, ಸೈಟು ಮಾತ್ರ ನಿಮ್ಮ ಕಣ್ಣಿಗೆ ಬಿತ್ತಾ ಅಣ್ಣ? ನಮ್ಮಪ್ಪ ಬಾಂಬೆಗೆ ಹೋದದ್ದು ಸುಮ್ನೆ ಅಲ್ಲ, ಇಲ್ಲಿ ಹೊಟ್ಟೆಗೆ ಇರಲಿಲ್ಲ. ಹೋದವರಲ್ಲಿ ನಾಲ್ಕು ಜನ ಹೋಟೆಲ್ ಇಟ್ಟಿದ್ದಾರೆ, ಉಳಿದ ನೂರು ಜನ ಅದೇ ಹೋಟೆಲ್‌ಗಳಲ್ಲಿ ತಟ್ಟೆ ತೊಳೆದಿದ್ದಾರೆ. 2020ರಲ್ಲಿ ಕೊರೋನಾ ಬಂದಾಗ ಬಾಂಬೆಯಿಂದ ಊರಿಗೆ ವಾಪಸ್ ಬಂದವರನ್ನು ನಮ್ಮ ಜಿಲ್ಲೆಯವರೇ ಹೇಗೆ ನೋಡಿದರು ಅಂತ ನೆನಪಿದೆಯಾ? ಬರ ಅನ್ನೋದು ಭಾಗ್ಯ ಅಂತ ಬರೆಸಬೇಡಿ ದಯವಿಟ್ಟು.

ಇನ್ನೊಂದು. ಎಲ್ಲರೂ ಕೆ.ಆರ್.ಪೇಟೆಯನ್ನು ನಾಗಮಂಗಲದ ಜೊತೆ ಸೇರಿಸಿ ಬರಡು ಅಂತಾರೆ. ಪೂರ್ತಿ ಹಾಗಲ್ಲ. ಹೇಮಾವತಿ ಹೊಳೆ ನಮ್ಮ ತಾಲ್ಲೂಕಿನಲ್ಲೇ ಹರಿಯುತ್ತದೆ, ಮಂದಗೆರೆ ಅಣೆಕಟ್ಟೆಯ ಹಳೇ ನಾಲೆಗಳಿವೆ. ಹೊಳೆ ಬಗ್ಗಲಿನ ಊರಿಗೂ ಮೇಲಿನ ಊರಿಗೂ ಅಜಗಜಾಂತರ. ತಾಲ್ಲೂಕು ಲೆಕ್ಕ ಬಿಟ್ಟು ಊರು ಲೆಕ್ಕ ಹಿಡಿಯಿರಿ.

ಗಂಗೋತ್ರಿ ಹಳೇ ವಿದ್ಯಾರ್ಥಿ (ಮೈಸೂರು)
ನಾಲೆಬದಿಯವರ ಪ್ರಶ್ನೆಗೆ ಎಪ್ಪತ್ತು ವರ್ಷದ ಹಿಂದೆಯೇ ಉತ್ತರ ಹುಡುಕಿದವರಿದ್ದಾರೆ, ಅದೂ ಮಂಡ್ಯದಲ್ಲೇ. ಸ್ಕಾರ್ಲೆಟ್ ಎಪ್‌ಸ್ಟೈನ್ ಅಂತ ಒಬ್ಬ ಹೆಣ್ಣುಮಗಳು ಇಂಗ್ಲೆಂಡಿನಿಂದ ಬಂದು 1954ರಿಂದ 1956ರವರೆಗೆ ಮಂಡ್ಯದ ಹತ್ತಿರದ ಎರಡು ಊರುಗಳಲ್ಲಿ ಅಧ್ಯಯನ ಮಾಡಿದರು. ಊರುಗಳ ನಿಜವಾದ ಹೆಸರು ಹಾಕದೆ ವಂಗಲ, ದಲೇನ ಅಂತ ಕರೆದರು. ವಂಗಲಕ್ಕೆ ನಾಲೆ ನೀರು ಬಂತು. ದಲೇನದ ಜಮೀನು ನಾಲೆಗಿಂತ ಎತ್ತರದಲ್ಲಿತ್ತು, ನೀರು ಹತ್ತಲಿಲ್ಲ.

ವಂಗಲದವರು ಕಬ್ಬು ಬೆಳೆದರು, ಕೈಯಲ್ಲಿ ದುಡ್ಡು ಆಡಿತು. ಆದರೆ ಬೇಸಾಯಗಾರರಾಗಿಯೇ ಉಳಿದರು. ಯಜಮಾನಿಕೆ, ಆಳು-ಒಡೆಯರ ಸಂಬಂಧ, ಹಬ್ಬದ ಮರ್ಯಾದೆ ಎಲ್ಲ ಹಳೇ ರೀತಿಯಲ್ಲೇ ಗಟ್ಟಿಯಾಯಿತು. ದಲೇನದವರು ಸುಮ್ಮನೆ ಕೂರಲಿಲ್ಲ. ಬೇರೆ ಊರುಗಳಲ್ಲಿ ನೀರಾವರಿಯ ತರಿ ಜಮೀನು ಕೊಂಡರು, ಮಂಡ್ಯ ಪೇಟೆಯಲ್ಲಿ ಕೆಲಸಕ್ಕೆ ಸೇರಿದರು, ಗಾಡಿ ಬಾಡಿಗೆಗೆ ಬಿಟ್ಟರು, ಹಿಟ್ಟಿನ ಗಿರಣಿ ಹಾಕಿದರು. 1970ರಲ್ಲಿ ಆಕೆ ಮತ್ತೆ ಬಂದು ಅದೇ ಊರುಗಳನ್ನು ನೋಡಿದರು.

ಗಮನಿಸಬೇಕಾದ್ದು ಏನೆಂದರೆ, ದಲೇನ ಮುಂದೆ ಹೋದದ್ದು ನೀರಿಲ್ಲ ಅನ್ನೋದಕ್ಕೆ ಅಲ್ಲ. ಪಕ್ಕದಲ್ಲಿ ನೀರು ಬಂದಿತ್ತು ಅನ್ನೋದಕ್ಕೆ. ಸಕ್ಕರೆ ಕಾರ್ಖಾನೆ, ಮಂಡ್ಯ ಪೇಟೆ, ಸುತ್ತಲಿನ ಕಬ್ಬು ಇಲ್ಲದಿದ್ದರೆ ಅವರ ಗಾಡಿಗೆ ಬಾಡಿಗೆ ಎಲ್ಲಿಂದ ಬರುತ್ತಿತ್ತು? ನಾಗಮಂಗಲಕ್ಕೂ ಬೆಂಗಳೂರಿಗೂ ಇರೋದು ಇದೇ ಲೆಕ್ಕ.

ನಾಲೆಬದಿ (ಮಂಡ್ಯ)
ಇದು ಬೇಕಿತ್ತು ನನಗೆ! ಗುರುಗಳೇ, ಪಕ್ಕದಲ್ಲಿ ನೀರು ಬಂದಿದ್ದಕ್ಕೆ ಅನ್ನೋ ಮಾತು ಅವಳ ಪ್ರಾಜೆಕ್ಟಿಗೆ ಹಾಕಿಸುತ್ತೇನೆ.

ಪಾಂಡವಪುರ ಪಾಪಣ್ಣ
ಎಲ್ಲ ಸರಿ, ಆದರೆ ನಾಲೆಯಿಂದ ನಾವು ಹಾಳಾದೆವು ಅನ್ನೋ ಹಾಗೆ ಮಾತಾಡಬೇಡಿ. ನಾಲೆಗೆ ಮುಂಚೆ ಈ ಬಯಲು ಹೇಗಿತ್ತು ಅಂತ ಹಿರಿಯರನ್ನು ಕೇಳಿ. ಮಂಡ್ಯ ಒಂದು ಸಣ್ಣ ಪೇಟೆ. ಜಿಲ್ಲೆ ಆಗಿದ್ದೇ 1939ರಲ್ಲಿ. ನಾಲೆ, 1933ರಲ್ಲಿ ಶುರುವಾದ ಸಕ್ಕರೆ ಕಂಪನಿ, ಇವೆರಡೂ ಬಾರದಿದ್ದರೆ ಜಿಲ್ಲೆಯೂ ಇಲ್ಲ, ಈ ಚರ್ಚೆಯೂ ಇಲ್ಲ. ವಿಶ್ವೇಶ್ವರಯ್ಯನವರು ರೈತರಿಗೋಸ್ಕರ ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್ ಅಣೆಕಟ್ಟು) ಕಟ್ಟಿಸಿದರು. ನಾವು ಅದನ್ನು ಸರಿಯಾಗಿ ಬಳಸಿಕೊಳ್ಳಲಿಲ್ಲ ಅಂದರೆ ತಪ್ಪು ನಮ್ಮದು.

ಚಾಮುಂಡಿ ಮೆಟ್ಟಿಲು
ಮಹಾರಾಜ ನಾಲ್ವಡಿಯವರು ಕಟ್ಟಿಸಿದ್ದು. ವಿಶ್ವೇಶ್ವರಯ್ಯ ಎಂಜಿನಿಯರು, ಆಮೇಲೆ ದಿವಾನರು.

ಪಾಂಡವಪುರ ಪಾಪಣ್ಣ
ಶುರು ಆಯಿತು ನೋಡಿ.

ವೇದಿಕೆ ಮೇಲ್ವಿಚಾರಕ
ನಾಲ್ವಡಿ-ವಿಶ್ವೇಶ್ವರಯ್ಯ ಜಗಳಕ್ಕೆ ಬೇರೆ ಎಳೆ ಇದೆ, ಅಲ್ಲಿ ಆಗಲೇ ಬೇಕಾದಷ್ಟು ಜಗಳ ಆಗಿದೆ. ಇಲ್ಲಿ ಬೇಡ.

ಕುವೆಂಪುನಗರ ತಾತ (ಮೈಸೂರು)
ಜಗಳ ಬೇಡ, ಆದರೆ ರೈತರಿಗೋಸ್ಕರ ಅನ್ನೋದು ಅರ್ಧ ಕಥೆ ಮಾತ್ರ. ನಾನು ವಿದ್ಯುತ್ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು, ಹಾಗಾಗಿ ಕರೆಂಟಿನ ಕಡೆಯಿಂದ ಹೇಳುತ್ತೇನೆ.

ನಮ್ಮ ರಾಜ್ಯದಲ್ಲಿ ಕಲ್ಲಿದ್ದಲು ಇಲ್ಲ. ಇಡೀ ಆರ್ಥಿಕತೆಯ ಮೇಲೆ ಇದಕ್ಕಿಂತ ದೊಡ್ಡ ಗುರುತು ಬಿಟ್ಟ ಸಂಗತಿ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಕಲ್ಲಿದ್ದಲು ಇಲ್ಲ, ಆದರೆ ಹೊಳೆ ಧುಮುಕುವ ಜಾಗ ಇದೆ. ಕೋಲಾರದ ಚಿನ್ನದ ಗಣಿಗೆ ಶಕ್ತಿ ಬೇಕಿತ್ತು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಯೋಜನೆ ಹುಟ್ಟಿತು, 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೆಜಿಎಫ್‌ಗೆ ಕರೆಂಟು ಹೋಯಿತು. ಬೆಂಗಳೂರಿನ ಬೀದಿದೀಪ ಹತ್ತಿದ್ದು ಅದಾದ ಮೇಲೆ, 1905ರಲ್ಲಿ. ಮೊದಲು ಗಣಿ, ಆಮೇಲೆ ಊರು.

ತೊಂದರೆ ಬಂದದ್ದು ಬೇಸಿಗೆಯಲ್ಲಿ. ಕಾವೇರಿ ಬತ್ತಿದರೆ ಟರ್ಬೈನು ನಿಲ್ಲುತ್ತದೆ, ಟರ್ಬೈನು ನಿಂತರೆ ಗಣಿ ನಿಲ್ಲುತ್ತದೆ. ಮಳೆಗಾಲದ ನೀರನ್ನು ಹಿಡಿದಿಟ್ಟು ವರ್ಷವಿಡೀ ಒಂದೇ ಸಮ ಬಿಡೋದಕ್ಕೆ ಮೇಲೆ ಒಂದು ಕಟ್ಟೆ ಬೇಕು. 1911ರಲ್ಲಿ ಕನ್ನಂಬಾಡಿ ಕೆಲಸ ಶುರುವಾದದ್ದರ ಹಿಂದೆ ಗದ್ದೆಯ ಜೊತೆ ಈ ಗಣಿಯ ಕರೆಂಟೂ ಇತ್ತು. ಸಿಮೆಂಟ್ ಇಲ್ಲದೆ ಸುರ್ಕಿ ಗಾರೆಯಲ್ಲಿ ಕಟ್ಟಿದ್ದು. ಹಾಗೆ ನೋಡಿದರೆ ಮಂಡ್ಯದ ಕಬ್ಬಿಗೆ ಕೋಲಾರದ ಚಿನ್ನದ ಋಣ ಇದೆ.

ಆ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಈಗ ಅಲ್ಲಿ ಉಳಿದಿರೋದು ಸೈನೈಡ್ ಮಣ್ಣಿನ ದಿಬ್ಬ, ಬೆಳಿಗ್ಗೆ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಜನ. ಕಟ್ಟೆ ಇನ್ನೂ ಇದೆ. ಅದಿರಿಗೂ ನೀರಿಗೂ ಇರುವ ವ್ಯತ್ಯಾಸ ಅದು, ಒಂದು ತೆಗೆದಷ್ಟೂ ಕಡಿಮೆಯಾಗುತ್ತದೆ, ಇನ್ನೊಂದು ವರ್ಷ ವರ್ಷ ಬರುತ್ತದೆ.

ಮದ್ದೂರುವಡೆ
ವರ್ಷ ವರ್ಷ ಬರುತ್ತದಾ ತಾತ? 2023 ಮರೆತಿರಾ?

ಕುವೆಂಪುನಗರ ತಾತ (ಮೈಸೂರು)
ಮರೆತಿಲ್ಲಪ್ಪ. ಆ ವರ್ಷ ಮಳೆ ಕೈಕೊಟ್ಟಿತು, ಕನ್ನಂಬಾಡಿ ತುಂಬಲಿಲ್ಲ, ಕರೆಂಟು ಕೊಡುವ ಶರಾವತಿಯ ಲಿಂಗನಮಕ್ಕಿ ಕಟ್ಟೆಯೂ ತುಂಬಲಿಲ್ಲ. ಪಂಪ್‌ಸೆಟ್‌ಗೆ 7 ಗಂಟೆ ಕೊಡುತ್ತಿದ್ದ ತ್ರೀಫೇಸ್ ಕರೆಂಟು 5 ಗಂಟೆಗೆ ಇಳಿಯಿತು. ಸರ್ಕಾರ ಹೊರಗಿನಿಂದ ಕರೆಂಟ್ ಕೊಂಡಿತು. ಹಗಲು ಹೊತ್ತು ಸೋಲಾರ್, ಗಾಳಿಯಂತ್ರ ಇಲ್ಲದೇ ಹೋಗಿದ್ದರೆ ಇನ್ನೂ ಕಷ್ಟ ಆಗುತ್ತಿತ್ತು.

ನೀರುಗಂಟಿ
ಯಾರೂ ಹೇಳದ ಒಂದು ಮಾತು. ಮಂಡ್ಯದ ನೀರು ಮಂಡ್ಯದ್ದಲ್ಲ. ಇಲ್ಲಿ ಬೀಳುವ 700 ಮಿಲಿಮೀಟರಿನಲ್ಲಿ ಕಬ್ಬು ಬೆಳೆಯೋದಕ್ಕೆ ಆಗಲ್ಲ. ಕಬ್ಬಿಗೆ 1500ರಿಂದ 2500 ಮಿಲಿಮೀಟರ್ ನೀರು ಬೇಕು. ನಾವು ಕುಡಿಯೋದು, ಬೆಳೆಯೋದು ಎಲ್ಲ ಭಾಗಮಂಡಲ, ತಲಕಾವೇರಿಯ ಮಳೆ, ಆ ಕಡೆ ಹೇಮಾವತಿ, ಲಕ್ಷ್ಮಣತೀರ್ಥದ ಮಳೆ. ನಮ್ಮೂರಲ್ಲಿ ಒಂದು ಹನಿ ಬೀಳದಿದ್ದರೂ ಕೊಡಗಿನಲ್ಲಿ ಪುನರ್ವಸು, ಪುಷ್ಯ ಮಳೆ ಹಿಡಿದರೆ ಸಾಕು, ಇಲ್ಲಿ ಸೊಸೈಟಿಯಲ್ಲಿ ಗೊಬ್ಬರಕ್ಕೆ ಕ್ಯೂ ಶುರು. ಕಟ್ಟೆ ಮಟ್ಟ 124.80 ಅಡಿ ಮುಟ್ಟಿತಾ ಇಲ್ಲವಾ ಅಂತ ಚಿನ್ನದ ಅಂಗಡಿಯವರು, ಟ್ರ್ಯಾಕ್ಟರ್ ಶೋರೂಮಿನವರು ಕೂಡ ದಿನಾ ನೋಡುತ್ತಾರೆ.

ಅದಕ್ಕೇ ಜಿಲ್ಲೆಯ ಮಳೆ ಎಷ್ಟು, ರಾಜ್ಯದ ಮಳೆ ಎಷ್ಟು ಅನ್ನೋ ಸರಾಸರಿ ಲೆಕ್ಕ ಪ್ರಾಜೆಕ್ಟಿಗೆ ಚೆಂದ ಅಷ್ಟೇ. ಮಳೆ ಎಲ್ಲಿ ಬಿತ್ತು, ಎಲ್ಲಿ ನಿಂತಿತು, ಯಾರ ತೂಬಿನಿಂದ ಹೋಯಿತು ಅನ್ನೋದು ಮುಖ್ಯ. 2025ರಲ್ಲಿ ಕಟ್ಟೆ ಜೂನ್‌ನಲ್ಲೇ ತುಂಬಿತು. ಕಟ್ಟೆ ತುಂಬಿದ ವರ್ಷವೂ ನಾಲೆಯ ಕೊನೇ ಭಾಗದ ಮಳವಳ್ಳಿ ಕಡೆಯವರು ನೀರು ಬಂದಿಲ್ಲ ಅಂತ ಕೂಗಿದರು. ಮೇಲಿನವರು ತೂಬಿಗೆ ಅಡ್ಡ ಕಲ್ಲು ಇಟ್ಟರೆ ಕೆಳಗಿನವರಿಗೆ ಬರವೇ.

ಟೈಲ್‌ಎಂಡ್ ಮಳವಳ್ಳಿ
ನೀರುಗಂಟಿ ಅಣ್ಣನಿಗೆ ನಮಸ್ಕಾರ. ನಮ್ಮ ನೋವು ಸರಿಯಾಗಿ ಹೇಳಿದಿರಿ. ಇನ್ನೊಂದು ತಮಾಷೆ ಕೇಳಿ. ನಮ್ಮ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದಲೇ ಬೆಂಗಳೂರಿಗೆ ಕಾವೇರಿ ನೀರು ಹೋಗೋದು. ಸುಮಾರು ನೂರು ಕಿಲೋಮೀಟರ್ ದೂರ, ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಮಾಡಿ ಕಳಿಸುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಉದ್ಘಾಟನೆ ಆಯಿತಲ್ಲ, ಅದೊಂದೇ ದಿನಕ್ಕೆ 77.5 ಕೋಟಿ ಲೀಟರ್. ಲೆಕ್ಕ ಹಾಕಿ, ವರ್ಷಕ್ಕೆ ಹತ್ತಿರ 10 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಪೈಪು ನಮ್ಮ ಹೊಲದ ಪಕ್ಕದಲ್ಲೇ ಹೋಗುತ್ತದೆ, ನಮ್ಮ ಹೊಲ ಒಣಗಿರುತ್ತದೆ.

ಬೆಂಗಳೂರಲ್ಲಿರೋ ಮಂಡ್ಯದೋನು
ಆ ನೀರು ಕುಡಿದು ಇಲ್ಲಿ ಸಂಪಾದಿಸಿದ ದುಡ್ಡು ಊರಿಗೆ ಬರುತ್ತಿಲ್ಲವಾ ಅಣ್ಣ? ನಮ್ಮ ಬೀದಿಯಲ್ಲಿ ಅರ್ಧ ಮನೆಗಳ ಶೀಟ್ ಚಾವಣಿ ಹೋಗಿ ತಾರಸಿ ಬಂದದ್ದು ಬೆಂಗಳೂರಿನ ಸಂಬಳದಿಂದ. ರಾಜ್ಯದ ಒಟ್ಟು ಆದಾಯದಲ್ಲಿ ಮೂರನೇ ಎರಡು ಭಾಗದಷ್ಟು ಸೇವಾ ವಲಯದ್ದು, ಅದರಲ್ಲಿ ಬೆಂಗಳೂರಿನ ಪಾಲೇ ದೊಡ್ಡದು. 10 ಟಿಎಂಸಿಯಲ್ಲಿ ಕಬ್ಬು ಬೆಳೆದರೆ ಎಷ್ಟು ಬರುತ್ತದೆ, ಬೆಂಗಳೂರಿಗೆ ಕೊಟ್ಟರೆ ಎಷ್ಟು ಬರುತ್ತದೆ ಅಂತ ನೀವೇ ನೋಡಿ.

ಹವಾಮಾನದ ವಿಷಯಕ್ಕೆ ಬಂದರೆ ಬೆಂಗಳೂರಿನ ಬಂಡವಾಳ ಆ ತಂಪೇ. 900 ಮೀಟರ್ ಎತ್ತರ. ಬ್ರಿಟಿಷರು 1809ರಲ್ಲಿ ದಂಡು ತಂದು ಕೂರಿಸಿದ್ದಕ್ಕೆ ಅದೂ ಒಂದು ಕಾರಣ. ಊರು ಬೆಳೆಯಿತು, ಹೊಳೆ ಮಾತ್ರ ಹತ್ತಿರ ಇಲ್ಲ. ತಂಪು ಅವರದ್ದು, ನೀರು ನಮ್ಮದು.

ಟೈಲ್‌ಎಂಡ್ ಮಳವಳ್ಳಿ
ತಾರಸಿ ಬಂದದ್ದು ಸಂಬಳ ಇದ್ದವರಿಗೆ. ಪ್ರತಿ ಮನೆಯಲ್ಲೂ ನಿಮ್ಮಂತಹ ಮಗ ಇಲ್ಲ ಸ್ವಾಮಿ. ಯಾವುದಕ್ಕೆ ಜಾಸ್ತಿ ಬರುತ್ತದೆ ಅನ್ನೋ ಲೆಕ್ಕದಲ್ಲೇ ನೀರು ಹಂಚಬೇಕು ಅಂದರೆ ಹಳ್ಳಿಗೆ ಯಾವತ್ತೂ ಸಿಗಲ್ಲ.

ಗಂಗೋತ್ರಿ ಹಳೇ ವಿದ್ಯಾರ್ಥಿ (ಮೈಸೂರು)
ಇದೇ ಜಗಳ ದೊಡ್ಡ ಕೋರ್ಟಿನಲ್ಲೂ ನಡೆದಿದೆ. 2007ರಲ್ಲಿ ಕಾವೇರಿ ನ್ಯಾಯಮಂಡಳಿ ಕರ್ನಾಟಕಕ್ಕೆ 270 ಟಿಎಂಸಿ ಕೊಟ್ಟಿತ್ತು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು 284.75 ಮಾಡಿತು. ಹೆಚ್ಚಿಗೆ ಕೊಟ್ಟ 14.75ರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೇ. ಉಳಿದ 10 ಕೊಟ್ಟಿದ್ದು ತಮಿಳುನಾಡಿನಲ್ಲಿ ಅಂತರ್ಜಲ ಇದೆ ಅನ್ನೋ ಕಾರಣಕ್ಕೆ.

ಹವಾಮಾನದ ಪಾತ್ರ ಇಲ್ಲೂ ಇದೆ. ನಮಗೆ ಮುಂಗಾರು ಮುಖ್ಯ, ಅವರಿಗೆ ಹಿಂಗಾರು ಮುಖ್ಯ. ಅವರ ಕುರುವೈ ಭತ್ತಕ್ಕೆ ನೀರು ಬೇಕಾಗುವ ಜೂನ್-ಜುಲೈನಲ್ಲಿ ಅಲ್ಲಿ ಮಳೆ ಕಡಿಮೆ, ನಮ್ಮ ಕಟ್ಟೆ ಆಗತಾನೇ ತುಂಬುತ್ತಿರುತ್ತದೆ. ಕೊಡಗಿನ ಮಳೆ ಹದಿನೈದು ದಿನ ತಡವಾದರೆ ಎರಡೂ ಕಡೆ ಬೀದಿಗೆ ಇಳಿಯುತ್ತಾರೆ. ಮಳೆ ಚೆನ್ನಾಗಿದ್ದ ವರ್ಷ ಯಾರಿಗೂ ಟಿಎಂಸಿ ನೆನಪಾಗುವುದಿಲ್ಲ.

ಬೆಲ್ಲದಚ್ಚು
ಕಬ್ಬು ಬೆಳೆಯೋರನ್ನು ಬೈಯೋದು ಸುಲಭ. ಯಾಕೆ ಬೆಳೆಯುತ್ತಾರೆ ಅಂತ ನೋಡಿ. ಭತ್ತಕ್ಕೆ ನಾಟಿ, ಕಳೆ, ಕುಯ್ಲು ಅಂತ ಮೂರು ಸಲ ಆಳು ಹುಡುಕಬೇಕು. ಕಬ್ಬು ಒಂದು ಸಲ ನೆಟ್ಟರೆ ಆಯಿತು, ಕಡಿದ ಬುಡದ ಚಿಗುರನ್ನೇ ಕೂಳೆ ಬಿಟ್ಟರೆ ಮತ್ತೊಂದು ವರ್ಷ. ಒಂದು ಸರದಿ ನೀರು ತಪ್ಪಿದರೂ ತಡೆದುಕೊಳ್ಳುತ್ತದೆ, ಭತ್ತ ತಡೆಯಲ್ಲ. ಮಗ ಊರಲ್ಲಿಲ್ಲ, ಅಪ್ಪನಿಗೆ ವಯಸ್ಸಾಗಿದೆ, ಗದ್ದೆಯಲ್ಲಿ ಏನು ಹಾಕುತ್ತೀರಿ? ಕಬ್ಬೇ.

ಬೆಲೆ ಕಥೆ ಬೇರೆ. ಕೇಂದ್ರದ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ಕಬ್ಬಿಗೆ ಕೊಡಲೇಬೇಕಾದ ಕನಿಷ್ಠ ಬೆಲೆ, 2025-26ಕ್ಕೆ ಕ್ವಿಂಟಾಲಿಗೆ 355 ರೂಪಾಯಿ, ಅದೂ ಶೇಕಡಾ 10.25ರಷ್ಟು ಸಕ್ಕರೆ ಇಳುವರಿ ಬಂದರೆ. ಬೆಳಗಾವಿ ಕಡೆ ಚಳಿಗಾಲದ ರಾತ್ರಿ ತಂಪು, ಹಗಲು ಒಣಬಿಸಿಲು, ಕಬ್ಬಿನಲ್ಲಿ ಸಕ್ಕರೆ ಕೂಡುತ್ತದೆ. ನಮ್ಮದರಲ್ಲಿ ತೂಕ ಬರುತ್ತದೆ, ಸಕ್ಕರೆ ಇಳುವರಿ ಅಷ್ಟು ಬರಲ್ಲ. ಇದೂ ಹವಾಮಾನವೇ, ಹುಡುಗಿಗೆ ಬರೆದುಕೊಳ್ಳೋದಕ್ಕೆ ಹೇಳಿ.

ಅದಕ್ಕೇ ನಮ್ಮ ಕಡೆ ಆಲೆಮನೆ ಉಳಿದದ್ದು. ಫ್ಯಾಕ್ಟರಿ ಕರೆಯೋವರೆಗೆ ಕಾಯಬೇಕಾಗಿಲ್ಲ, ಇವತ್ತು ಕಡಿದು ನಾಳೆ ದುಡ್ಡು ನೋಡಬಹುದು. ನಮ್ಮದು ಸಣ್ಣ ಆಲೆಮನೆ. ಕಬ್ಬಿನ ಹಾಲು ಕೊಪ್ಪರಿಗೆಗೆ ಬಿಟ್ಟ ಮೇಲೆ ಒಣಗಿದ ಕಬ್ಬಿನ ಸಿಪ್ಪೆಯನ್ನೇ ಒಲೆಗೆ ಹಾಕೋದು, ಬೇರೆ ಸೌದೆ ಬೇಡ. ಕಾದು ಮೇಲೆ ಬರೋ ಮಡ್ಡಿಯನ್ನು ಜಾಲರಿಯಿಂದ ತೆಗೆದು ತೆಗೆದು ಚೆಲ್ಲಬೇಕು. ಬೆಂಡೆ ಗಿಡದ ಕಾಂಡ ಜಜ್ಜಿ ಅದರ ಲೋಳೆ ಹಾಕಿದರೆ ಮಡ್ಡಿ ಚೆನ್ನಾಗಿ ಮೇಲೆ ಬರುತ್ತದೆ. ಪಾಕ ಹದಕ್ಕೆ ಬಂತಾ ಅಂತ ಒಂದು ತೊಟ್ಟು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡೋದು. ಒಂದು ನಿಮಿಷ ಹೆಚ್ಚು ಕಡಿಮೆ ಆದರೂ ಅಚ್ಚು ಗಟ್ಟಿಯಾಗಲ್ಲ. ಮಳೆಗಾಲದಲ್ಲಿ ಸಿಪ್ಪೆ ಒಣಗಲ್ಲ, ಬೆಲ್ಲ ನೀರು ಬಿಡುತ್ತದೆ, ಆಲೆಮನೆ ನಿಲ್ಲಿಸಬೇಕಾಗುತ್ತದೆ. ನಮ್ಮ ಆದಾಯವನ್ನು ಹವಾಮಾನ ಹೇಗೆ ನಿರ್ಧರಿಸುತ್ತದೆ ಅಂತ ಕೇಳಿದರೆ ನಾನು ತೋರಿಸೋದು ಆ ಒದ್ದೆ ಸಿಪ್ಪೆಯ ರಾಶಿ.

ಚಾಮುಂಡಿ ಮೆಟ್ಟಿಲು
ಬಣ್ಣ ಬರಿಸೋ ರಾಸಾಯನಿಕ ಹೈಡ್ರೋಸ್ ಹಾಕಲ್ವಾ? ಮೈಸೂರಿನ ಅಂಗಡಿಯಲ್ಲಿ ಬೆಲ್ಲ ಹಳದಿ ಹಳದಿ ಇರುತ್ತದಲ್ಲ.

ಬೆಲ್ಲದಚ್ಚು
ಹಳದಿ ಕೇಳೋರು ನೀವೇ. ಕಪ್ಪು ಬೆಲ್ಲ ಮಂಡಿಗೆ ಹಾಕಿದರೆ ಬೆಲೆ ಇಳಿಸುತ್ತಾರೆ. ಬಣ್ಣ ಕಂದಿದ ಬೆಲ್ಲವನ್ನು ನೀವು ಜಾಸ್ತಿ ಕೊಟ್ಟು ಕೊಂಡರೆ ಹೈಡ್ರೋಸ್ ಹಾಕೋದಕ್ಕೆ ನಮಗೇನು ಹುಚ್ಚಾ?

ನಾಗಮಂಗಲದ ಸೊಸೆ
ನಾಲೆ ಊರಿನಲ್ಲಿ ಹುಟ್ಟಿ ನಾಗಮಂಗಲಕ್ಕೆ ಮದುವೆಯಾಗಿ ಹೋದವಳು ನಾನು. ಗಂಡಸರು ನೀರು, ಟಿಎಂಸಿ, ಎಕರೆ ಅಂತ ಮಾತಾಡುತ್ತಿದ್ದೀರಿ. ನಾಟಿ ಹಾಕೋರು ಯಾರು? ಕೆಸರಿನಲ್ಲಿ ಬಗ್ಗಿ ನಮ್ಮಮ್ಮನ ಸೊಂಟ ಹೋಯಿತು. ನಾಲೆ ಬಂದ ಹೊಸದರಲ್ಲಿ ಮಲೇರಿಯಾ ಹೇಗೆ ಹರಡಿತ್ತು ಅಂತ ಅಜ್ಜಿ ಹೇಳುತ್ತಿದ್ದರು. ಇಲ್ಲಿ ರಾಗಿ ಹೊಲದ ಕೆಲಸವೂ ಕಷ್ಟವೇ, ನೀರು ಹೊರೋದು ಇನ್ನೂ ಕಷ್ಟ. ಆದರೆ ಇಲ್ಲಿನ ಮನೆಗಳಲ್ಲಿ ಹೆಣ್ಣುಮಕ್ಕಳನ್ನು ಓದಿಸಿದ್ದಾರೆ. ಭೂಮಿ ನಂಬಿ ಕೂರೋ ಹಾಗಿರಲಿಲ್ಲವಲ್ಲ.

ಆಗ ಹೆಣ್ಣು ಕೊಡುವಾಗ ಗದ್ದೆ ಎಷ್ಟಿದೆ ಅಂತ ಕೇಳುತ್ತಿದ್ದರು. ಈಗ ಗದ್ದೆ ಇದೆ ಅಂದರೆ ಬೇಡ ಅಂತಾರೆ! 2023ರಲ್ಲಿ ನಮ್ಮ ಜಿಲ್ಲೆಯ ಹುಡುಗರು ಹೆಣ್ಣು ಸಿಗಲಿ ಅಂತ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೋದರಲ್ಲ, ಪೇಪರಲ್ಲೆಲ್ಲ ಬಂತು.

ಮದ್ದೂರುವಡೆ
ಅಕ್ಕ, ಗಾಯಕ್ಕೆ ಉಪ್ಪು ಹಾಕಬೇಡಿ.

ಕೆಆರ್‌ಪೇಟೆ ಹುಡುಗ
ಅಕ್ಕ ಹೇಳಿದ್ದರ ಜೊತೆ ಇದನ್ನೂ ಸೇರಿಸಿ. ಒಣಭೂಮಿಯಿಂದಲೇ ದುಡ್ಡು ಬರೋ ದಾರಿ ಪಾವಗಡದಲ್ಲಿ ಸಿಕ್ಕಿದೆ. 2,050 ಮೆಗಾವಾಟ್ ಸೋಲಾರ್ ಪಾರ್ಕ್, ಸುಮಾರು 13,000 ಎಕರೆ. ರೈತರು ಜಮೀನು ಮಾರಿಲ್ಲ, ಗುತ್ತಿಗೆಗೆ ಕೊಟ್ಟಿದ್ದಾರೆ. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಮಳೆ ಇಲ್ಲದ್ದು, ಮೋಡ ಇಲ್ಲದ್ದು, ಕಡಲೆಕಾಯಿ ಒಣಗಿ ಹೋಗೋ ಬಿಸಿಲು, ಅದೇ ಅಲ್ಲಿ ಸಂಪತ್ತಾಯಿತು.

ನೀರುಗಂಟಿ
ಸಂಪತ್ತಾದದ್ದು ಪಹಣಿ ಇದ್ದವರಿಗೆ. ಆ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಬಾಡಿಗೆ ಬರಲ್ಲ. ಬೇಲಿ ಹಾಕಿದ ಮೇಲೆ ಕುರಿ ಎಲ್ಲಿಗೆ ಹೋಗಬೇಕು? ನಮ್ಮ ನಾಲೆಯಲ್ಲೂ ಆದದ್ದು ಅದೇ, ಸಂಪತ್ತು ಬಂದಾಗ ಯಾರ ಹೆಸರಲ್ಲಿ ಭೂಮಿ ಇತ್ತೋ ಅವರದ್ದಾಯಿತು.

ಚಾಮುಂಡಿ ಮೆಟ್ಟಿಲು
ಮಂಡ್ಯದವರ ಕಣ್ಣೀರು ಸಾಕು. ಮೈಸೂರಿನ ಒಂದು ಉದಾಹರಣೆ ಕೊಡುತ್ತೇನೆ. ಗಂಧದ ಮರ ನಮ್ಮ ಕಾಡಿನಲ್ಲಿ ಮೊದಲಿಂದಲೂ ಇತ್ತು. ಕೊರಡು ಕಡಿದು ಹೊರದೇಶಕ್ಕೆ ಮಾರುತ್ತಿದ್ದೆವು. ಮೊದಲ ಮಹಾಯುದ್ಧ ಬಂತು, ಯೂರೋಪಿಗೆ ಹೋಗುವುದು ನಿಂತಿತು, ಕೊರಡು ಇಲ್ಲೇ ರಾಶಿ ಬಿತ್ತು. ಆಗ 1916ರಲ್ಲಿ ಮೈಸೂರಿನಲ್ಲಿ ಗಂಧದ ಎಣ್ಣೆ ಕಾರ್ಖಾನೆ ಹುಟ್ಟಿತು, ಅದರ ಹಿಂದೆಯೇ ಬೆಂಗಳೂರಿನಲ್ಲಿ ಸೋಪು. ಮರ ಅದೇ, ಕಾಡು ಅದೇ. ಎಣ್ಣೆ ತೆಗೆಯೋದು ಕಲಿತ ಮೇಲೆ ದುಡ್ಡು ಬೇರೆ.

ಅದರ ಇನ್ನೊಂದು ಮುಖವೂ ಇದೆ. ಗಂಧದ ಮರ ಸರ್ಕಾರದ್ದು ಅಂತ ಎರಡು ಶತಮಾನ ಕಾನೂನು. ನಮ್ಮ ಹಿತ್ತಲಲ್ಲಿ ಹುಟ್ಟಿದರೂ ನಮ್ಮದಲ್ಲ. ಹಾಗಾಗಿ ಸಸಿ ಕಂಡರೆ ಜನ ಮೊದಲೇ ಕಿತ್ತು ಹಾಕುತ್ತಿದ್ದರು, ತಲೆನೋವು ಯಾಕೆ ಅಂತ. ಭೂಮಿ ಯಾರದ್ದೋ ಮರವೂ ಅವರದ್ದು ಅಂತ ಕಾನೂನು ಬದಲಾಗಿದ್ದು 2001ರಲ್ಲಿ. ಅಷ್ಟು ಹೊತ್ತಿಗೆ ಕಾಡಿನ ಮರ ಕಳ್ಳರ ಪಾಲು, ಮರ ಒಣಗಿಸುವ ಸ್ಪೈಕ್ ರೋಗದ ಪಾಲು.

ಪಾಂಡವಪುರ ಪಾಪಣ್ಣ
ನಮ್ಮ ಕಡೆ ಮರ್ಲಗಲ್ಲದಲ್ಲಿ ಲಿಥಿಯಂ ಸಿಕ್ಕಿದೆಯಲ್ಲ, ಅದನ್ನು ಬಿಟ್ಟುಬಿಟ್ಟಿರಿ. ಬ್ಯಾಟರಿ ಕಾರ್ಖಾನೆ ಬಂದರೆ ಮಂಡ್ಯದ ಕಥೆಯೇ ಬೇರೆ.

ಗಂಗೋತ್ರಿ ಹಳೇ ವಿದ್ಯಾರ್ಥಿ (ಮೈಸೂರು)
ಪಾಪಣ್ಣನವರೇ, ಮೊದಲು 14,100 ಟನ್ ಅಂತ ಸುದ್ದಿಯಾಯಿತು. ಪರಮಾಣು ಖನಿಜ ನಿರ್ದೇಶನಾಲಯ ಆಮೇಲೆ ಹೇಳಿದ ಅಂದಾಜು 1,600 ಟನ್. ಅದೂ ಅಂದಾಜು ಮಾತ್ರ, ತೆಗೆದರೆ ಲಾಭ ಬರುತ್ತದೆ ಅಂತ ಅಲ್ಲ. ಆ ಸುದ್ದಿಯಿಂದ ಈವರೆಗೆ ಏರಿದ್ದು ಸುತ್ತಮುತ್ತಲ ಜಮೀನಿನ ಬಾಯಿಮಾತಿನ ಬೆಲೆ.

ಕುವೆಂಪುನಗರ ತಾತ (ಮೈಸೂರು)
ನೆಲದಡಿ ಇರೋದನ್ನು ಹುಡುಕೋರ ಮಧ್ಯೆ ಒಬ್ಬರನ್ನು ಮರೆಯಬೇಡಿ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರ್ಮಿನಲ್ಲಿದ್ದ ರಾಗಿ ಲಕ್ಷ್ಮಣಯ್ಯನವರು. ಆಫ್ರಿಕಾದ ರಾಗಿಗೂ ನಮ್ಮ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ಅದೇ ಹೊಲ, ಅದೇ ಮಳೆ, ತೆನೆ ಮಾತ್ರ ಬೇರೆ. ನಾಲೆ ಹತ್ತದ ಊರುಗಳಿಗೆ ಯಾರಾದರೂ ನಾಲೆಯಷ್ಟು ಉಪಕಾರ ಮಾಡಿದ್ದರೆ ಅವರೇ. ಅವರ ಹೆಸರು ಎಷ್ಟು ಮಕ್ಕಳಿಗೆ ಗೊತ್ತು?

ಕೆಆರ್‌ಪೇಟೆ ಹುಡುಗ
ತಾತ, ಕೈ ಮುಗಿದೆ. ಈಗ ರಾಗಿಗೂ ಮರ್ಯಾದೆ ಬಂದಿದೆ, 2025-26ರ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ, ಸಾಮಾನ್ಯ ಭತ್ತಕ್ಕೆ 2,369. ನೀರು ಕಡಿಮೆ ಕುಡಿಯೋ ಬೆಳೆಗೇ ಬೆಲೆ ಜಾಸ್ತಿ.

ನೀರುಗಂಟಿ
ಎಕರೆಗೆ ಎಷ್ಟು ಕ್ವಿಂಟಾಲ್ ಬರುತ್ತದೆ ಅಂತಲೂ ಹೇಳು ತಮ್ಮ, ಆಮೇಲೆ ಕುಣಿ. ಖರೀದಿ ಕೇಂದ್ರದಲ್ಲಿ ಚೀಲ ಇಳಿಸೋವರೆಗೆ ಬೆಂಬಲ ಬೆಲೆ ಕಾಗದದ ಮೇಲೇ ಇರುತ್ತದೆ.

ರೇಷ್ಮೆಗೂಡು (ಮಳವಳ್ಳಿ)
ಕಬ್ಬು-ರಾಗಿ ಮಧ್ಯೆ ರೇಷ್ಮೆಯನ್ನು ಮರೆತುಬಿಟ್ಟಿರಿ. ನಮ್ಮ ಮೈಸೂರು-ಮಂಡ್ಯದ ಹವೆ ಹುಳಕ್ಕೆ ಹೇಳಿ ಮಾಡಿಸಿದ್ದು. 24ರಿಂದ 28 ಡಿಗ್ರಿ ಶಾಖ, ಸ್ವಲ್ಪ ತೇವ, ಇಷ್ಟಿದ್ದರೆ ಹುಳ ಚೆನ್ನಾಗಿ ಸೊಪ್ಪು ತಿನ್ನುತ್ತದೆ. ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆ ಮೈಸೂರಲ್ಲಿ ಇರೋದು ಸುಮ್ನೆ ಅಲ್ಲ. ಹಿಪ್ಪುನೇರಳೆಗೆ ಕಬ್ಬಿನಷ್ಟು ನೀರು ಬೇಡ, ಕಬ್ಬಿನಲ್ಲಿ ದುಡ್ಡಿಗೆ ವರ್ಷ ಕಾಯಬೇಕು, ಇದರಲ್ಲಿ ತಿಂಗಳೊಳಗೆ ಗೂಡು ಮಾರುಕಟ್ಟೆಗೆ.

ಆದರೆ ಹುಳಕ್ಕೆ ಹವೆ ಗೊತ್ತಾಗುವಷ್ಟು ಚೆನ್ನಾಗಿ ಯಾವ ಯಂತ್ರಕ್ಕೂ ಗೊತ್ತಾಗಲ್ಲ. ನಾಲ್ಕನೇ ಜ್ವರದಿಂದ (ಪೊರೆ ಬಿಡೋ ನಿದ್ದೆಯಿಂದ) ಎದ್ದ ಮೇಲೆ ರಾತ್ರಿಯೆಲ್ಲ ಸೊಪ್ಪು ತಿನ್ನೋ ಸದ್ದು ಕೇಳಿಸುತ್ತಿರಬೇಕು. ಸದ್ದು ಕಡಿಮೆಯಾದರೆ ಎದೆ ಧಸಕ್ ಅನ್ನುತ್ತದೆ. ಜಡಿ ಹಿಡಿದು ಚಳಿ ಜಾಸ್ತಿ ಆದರೆ ಸುಣ್ಣಕಟ್ಟು, ಬಿಸಿಲು ಏರಿದರೆ ಸಪ್ಪೆ ರೋಗ. ಹುಳ ಹಣ್ಣಾಗಿ ಗೂಡು ಕಟ್ಟೋ ಚಂದ್ರಿಕೆ ತಟ್ಟೆಗೆ ಬಿಡೋ ಹೊತ್ತಿನಲ್ಲಿ ಮೋಡ ಮುಸುಕಿದರೂ ಗೂಡು ತೆಳ್ಳಗಾಗುತ್ತದೆ. ಇತ್ತೀಚೆಗೆ ಮಾರ್ಚ್-ಏಪ್ರಿಲ್ ಬಿಸಿಲಿಗೆ ಹುಳಮನೆ ಮೇಲೆ ತೆಂಗಿನ ಗರಿ ಹೊದಿಸಿ, ಗೋಣಿತಾಟು ಕಟ್ಟಿ ನೀರು ಎರಚಿ ಸಾಕುತ್ತಿದ್ದೇವೆ. ನಮ್ಮತ್ತೆ ಕಾಲದಲ್ಲಿ ಇದೆಲ್ಲ ಇರಲಿಲ್ಲ ಅಂತಾರೆ.

ನಾಲೆಬದಿ (ಮಂಡ್ಯ)
ಅಕ್ಕಾ, ಪ್ರಾಜೆಕ್ಟ್ ಕಥೆ ಹಾಗಿರಲಿ. ವಂಗಲ, ದಲೇನ, ತೊರೆಕಾಡನಹಳ್ಳಿ ಅಂತ ಅವಳೇ ಬರೆದುಕೊಂಡಿದ್ದಾಳೆ, ನನ್ನ ಮಾತು ಕೇಳುವ ಹಂತದಲ್ಲಿಲ್ಲ. ನನಗೆ ಒಂದು ವಿಚಾರ ಹೇಳಿ. ಈ ಸಲ ಕೂಳೆ ಕಬ್ಬು ಕಿತ್ತು ಅರ್ಧ ಎಕರೆಗೆ ಹಿಪ್ಪುನೇರಳೆ ಹಾಕೋಣ ಅಂತ ಇದ್ದೇನೆ. ವಿ-1 ತಳಿಯ ಕಡ್ಡಿ ಚೆನ್ನಾಗಿ ಬರುತ್ತದಾ?

ಪಾಂಡವಪುರ ಪಾಪಣ್ಣ
ಅರ್ಧ ಎಕರೆಗೆ ಯಾಕಪ್ಪ ಇಷ್ಟೆಲ್ಲ ತಾಪತ್ರಯ? ಕಬ್ಬೇ ಇರಲಿ ಬಿಡು.

ರೇಷ್ಮೆಗೂಡು (ಮಳವಳ್ಳಿ)
ವಿ-1 ಒಳ್ಳೆಯದೇ ಅಣ್ಣ, ಸೊಪ್ಪು ಚೆನ್ನಾಗಿ ಬರುತ್ತದೆ. ಆದರೆ ಮೊದಲು ಎರಡು ವಿಷಯ ನೋಡಿ. ಅಕ್ಕಪಕ್ಕದ ಗದ್ದೆಯವರು ಭತ್ತಕ್ಕೋ ಕಬ್ಬಿಗೋ ಔಷಧಿ ಹೊಡೆದರೆ ಗಾಳಿಯಲ್ಲಿ ನಿಮ್ಮ ಸೊಪ್ಪಿಗೆ ಬರುತ್ತದೆ, ಆ ಸೊಪ್ಪು ತಿಂದ ಹುಳ ಒಂದೂ ಉಳಿಯಲ್ಲ. ಅವರ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಎರಡನೆಯದು, ನಿಮ್ಮದು ನಾಲೆ ಬಗ್ಗಲಿನ ಜೌಗು ಗದ್ದೆ ಆಗಿದ್ದರೆ ಕೈ ಹಾಕಲೇಬೇಡಿ, ನೀರು ನಿಂತರೆ ಬೇರು ಕೊಳೆಯುತ್ತದೆ. ನಾಲೆಗಿಂತ ಮೇಲಿನ ಹೊಲ ಏನಾದರೂ ಇದೆಯಾ?

ನಾಲೆಬದಿ (ಮಂಡ್ಯ)
ಮುಕ್ಕಾಲು ಎಕರೆಯಷ್ಟು ಇದೆ. ನೀರು ಹತ್ತಲ್ಲ ಅಂತ ಇಷ್ಟು ವರ್ಷ ಹುರುಳಿ ಚೆಲ್ಲಿ ಬಿಡುತ್ತಿದ್ದೆವು.

ರೇಷ್ಮೆಗೂಡು (ಮಳವಳ್ಳಿ)
ಅದರ ಮಣ್ಣು ಪರೀಕ್ಷೆ ಮಾಡಿಸಿ, ಬೋರ್ ಇದ್ದರೆ ಡ್ರಿಪ್ ಎಳೆಸಿ. ಹುಳಮನೆ ಅಳತೆ ಬೇಕಾದರೆ ಮೆಸೇಜ್ ಮಾಡಿ, ನಮ್ಮದರ ಫೋಟೋ ಕಳಿಸುತ್ತೇನೆ.